ಬಟಾಣಿ ತಂದಿಟ್ಟ ಚಪ್ಪಲಿ

ಜೂನ್ ೪
ಮಹಿಳೆಯರ ವಾರ್ಡು, ಮೇಲಿನ ಮಹಡಿ

ಅಕ್ಕಾ,

ನೀನು ಫೋನು ಬೇಡ ಎಂದೆ, ಸರಿ, ಕಾಗದವೇ ಇರಲಿ. ನನ್ನ ದನಿ ಕೇಳಿದರೆ ಮಗು ಫೋನಿನ ಬೆನ್ನು ತಿರುಗಿಸಿ ಹುಡುಕುತ್ತಾಳೆ, ಸಿಗದಿದ್ದಕ್ಕೆ ಅಳುತ್ತಾಳೆ, ಸಮಾಧಾನ ಮಾಡುವಷ್ಟರಲ್ಲಿ ನಿನಗೆ ಸಾಕುಸಾಕಾಗುತ್ತದೆ ಎಂದು ತಿಳಿದ ಮೇಲೆ ನನಗೂ ಅದನ್ನು ಮುಟ್ಟಲು ಮನಸ್ಸಿಲ್ಲ. ಆದರೆ ಕಾಗದದಲ್ಲೂ 'ಚೆನ್ನಾಗಿದ್ದಾಳೆ, ಉಂಡಳು, ಮಲಗಿದಳು' ಎಂದು ಬರೆದು ಕೈತೊಳೆದುಕೊಳ್ಳಬೇಡ. ನಾನು ಆಸ್ಪತ್ರೆ ಸೇರಿದಾಗ ನನ್ನ ಬಟಾಣಿಗೆ ಆರು ತಿಂಗಳು. ಕೂರಿಸಿದರೆ ವಾಲುತ್ತಿದ್ದಳು. ಈಗ ನಡೆಯುತ್ತಾಳಂತೆ. ಯಾರ ಕಡೆಗೆ ನಡೆಯುತ್ತಾಳೆ, ಅದನ್ನು ಬರಿ.

ಕ್ಷಯ ಇಷ್ಟು ತಿಂಗಳು ಹಿಡಿದು ಕೂರಿಸುತ್ತದೆ ಎಂದು ಯಾರಿಗೆ ಗೊತ್ತಿತ್ತು. ಇಲ್ಲಿ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ. 'ಏನಮ್ಮಾ, ನೆಲ ಸವೆಸ್ತೀಯಾ? ಮಲಕ್ಕೋ ಹೋಗು' ಎಂದು ನರ್ಸಮ್ಮ ಗದರುತ್ತಾರೆ. ಪ್ರತಿಯೊಬ್ಬರ ಲೋಟಕ್ಕೂ ಹಾಸಿಗೆಯ ನಂಬರಿನ ಪಟ್ಟಿ ಅಂಟಿಸಿದ್ದಾರೆ. ಮರೆತು ಇನ್ನೊಬ್ಬರದ್ದು ಮುಟ್ಟಿದರೆ ಇಡೀ ವಾರ್ಡಿಗೆ ಕೇಳುವಂತೆ ಬೈಗುಳ. ಈಗೀಗ ನನ್ನ ಕೈಯನ್ನು ನನ್ನ ಬಾಯಿಗೆ ತಾಗಿಸಲೂ ಯೋಚನೆ ಮಾಡುತ್ತೇನೆ.

ಪಕ್ಕದ ಹಾಸಿಗೆಯಲ್ಲಿ ಒಬ್ಬರು ರಿಟೈರಾದ ಟೀಚರಮ್ಮ ಇದ್ದಾರೆ. 'ಆ ವಯಸ್ಸಿಗೆ ನಮ್ಮೋರು ಯಾರು, ಬೇರೆಯೋರು ಯಾರು ಅಂತ ಏನೂ ತಿಳಿಯಲ್ಲ ಕಣಮ್ಮಾ. ನೀನು ಹೋದ ತಕ್ಷಣ ಅಂಟ್ಕೋತಾಳೆ, ಯೋಚ್ನೆ ಬಿಡು' ಎಂದರು. ಸಮಾಧಾನ ಆಗಬೇಕಿತ್ತು. ಆದರೆ ಏನೂ ತಿಳಿಯುವುದಿಲ್ಲ ಎಂದರೆ ಆಗ ನನ್ನನ್ನೂ ತಿಳಿದಿರಲಿಲ್ಲ ಎಂದೇ ಅಲ್ಲವೇ? ನಿನ್ನ ಶಿಶುವಿಹಾರದಲ್ಲಿ ಇಷ್ಟು ವರ್ಷ ಇಂಥ ಕೂಸುಗಳನ್ನೇ ನೋಡಿದ್ದೀಯಲ್ಲ, ನೀನು ಹೇಳು. ಸುಳ್ಳು ಮಾತ್ರ ಬೇಡ.

ನಿನ್ನ ತಂಗಿ


ಜೂನ್ ೧೫

ನನ್ನ ಗಡಿಬಿಡಿ ತಂಗೀ,

ನಿನ್ನ ಟೀಚರಮ್ಮ ಪಾಠ ಹೇಳಿದ್ದು ಮೀಸೆ ಚಿಗುರಿದವರಿಗೆ ಇರಬೇಕು, ಹಾಲುಹಲ್ಲಿನವರಿಗಲ್ಲ. ಏನೂ ತಿಳಿಯುವುದಿಲ್ಲವಂತೆ! ಇವರಿಗೆ ತಿಳಿಯುವಷ್ಟು ನಮಗೆ ತಿಳಿದಿದ್ದರೆ ನಾವು ಜೀವನದಲ್ಲಿ ಇಷ್ಟು ಮೋಸ ಹೋಗುತ್ತಿರಲಿಲ್ಲ.

ಶಿಶುವಿಹಾರಕ್ಕೆ ಹೊಸ ಆಯಾ ಬಂದಿದ್ದಾಳೆ. ಒಳ್ಳೆಯವಳು, ಆದರೆ ಬೇರೆ ಕಡೆಯವಳು. ಮಾತು ನಮ್ಮದೇ, ರಾಗ ಬೇರೆ. ತೊಟ್ಟಿಲಲ್ಲಿರುವ ಎಂಟು ತಿಂಗಳ ಕೂಸು ಕೂಡ ಅವಳು ಬಾಯಿ ತೆರೆದರೆ ರೆಪ್ಪೆ ಬಡಿಯದೆ ದಿಟ್ಟಿಸುತ್ತದೆ. ಒಳಗಿನಿಂದ ಅಡುಗೆಯಮ್ಮ 'ಅಯ್ಯೋ, ಹಾಲು ಉಕ್ತು!' ಎಂದು ಕೂಗಿದರೆ ಸಾಕು, ಕತ್ತು ಅತ್ತ ತಿರುಗುತ್ತದೆ, ಸದ್ಯ ನಮ್ಮವರು ಸಿಕ್ಕಿದರು ಎನ್ನುವ ಹಾಗೆ. ಪಾಪ, ಆ ಹುಡುಗಿ ಈಗ ಅಡುಗೆಯಮ್ಮನ ಹಾಗೆಯೇ ರಾಗ ಎಳೆಯಲು ಅಭ್ಯಾಸ ಮಾಡುತ್ತಿದ್ದಾಳೆ.

ಇನ್ನು ದೊಡ್ಡವು. ಊಟದ ಹೊತ್ತಿಗೆ ಮಕ್ಕಳ ಕತ್ತಿಗೆ ಕಟ್ಟಲು ನೀನೇ ಹೊಲಿದುಕೊಟ್ಟ ಬಿಬ್‌ಗಳು ನೆನಪಿವೆಯಲ್ಲ, ಒಂದು ಮೇಜಿಗೆ ಹಳದಿ, ಇನ್ನೊಂದಕ್ಕೆ ಹಸಿರು? ಒಂದೇ ಬಣ್ಣದ ಬಟ್ಟೆ ಸಾಲಲಿಲ್ಲ ಎಂದು ಎರಡು ಮಾಡಿದೆ, ಅಷ್ಟೇ. ಈಗ ಅವು ಎರಡು ದೇಶ. ಹಳದಿಯವನೊಬ್ಬ ಬಿದ್ದು ಅತ್ತರೆ ಹಳದಿಯವರು ಎದ್ದು ಹೋಗಿ ತಲೆ ಸವರುತ್ತಾರೆ, ಹಸಿರಿನವರು ಊಟ ಮುಂದುವರಿಸುತ್ತಾರೆ. ಹೋದ ವಾರ ಬಿಬ್ ಒಣಗಿರಲಿಲ್ಲ, ಅಡುಗೆಯಮ್ಮ ಕೈಗೆ ಸಿಕ್ಕಿದ್ದನ್ನು ಕಟ್ಟಿದಳು. ಹಸಿರು ಮೇಜಿನ ನಮ್ಮ ಬಟಾಣಿ ತನ್ನ ಎದೆಯ ಹಳದಿ ನೋಡಿಕೊಂಡು, ತಟ್ಟೆ ಎತ್ತಿಕೊಂಡು ಸೀದಾ ಹಳದಿ ಮೇಜಿಗೆ ಹೋಗಿ ಕೂತಳು. ಪಕ್ಷ ಬದಲಾಯಿಸುವವರು ಇವಳ ಹತ್ತಿರ ಬಂದು ಕಲಿಯಬೇಕು.

ಅವಳದ್ದೇ ಒಂದು ಹೊಸ ಉದ್ಯೋಗವೂ ಶುರುವಾಗಿದೆ. ಮನೆಗೆ ಬಂದವರು ಸ್ವಲ್ಪ ಹೊತ್ತು ಕೂತರೆ ಸಾಕು, ಬಾಗಿಲಿಗೆ ಹೋಗಿ ಅವರ ಚಪ್ಪಲಿ ತಂದು ಕಾಲ ಬುಡದಲ್ಲಿಟ್ಟು 'ಟಾಟಾ' ಎನ್ನುತ್ತಾಳೆ. ನಲ್ಲಿ ರಿಪೇರಿಯವನಿಗೆ ಕೆಲಸ ಮುಗಿಯುವ ಮೊದಲೇ ಆಯಿತು. ಮನೆಯೊಡೆಯರಿಗೂ ಆಯಿತು, ಅವತ್ತು ಅವಳಿಗೆ ಒಂದು ಬಿಸ್ಕತ್ತು ಹೆಚ್ಚು ಕೊಟ್ಟೆ. ಯಾರ ಚಪ್ಪಲಿ ಯಾವುದು ಎಂದು ಒಮ್ಮೆಯೂ ತಪ್ಪಿಲ್ಲ. ನನ್ನದನ್ನು, ಅಡುಗೆಯಮ್ಮನದನ್ನು ಮುಟ್ಟುವುದೇ ಇಲ್ಲ.

ನನ್ನನ್ನು 'ಮ್ಮ' ಎನ್ನುತ್ತಾಳೆ. ದೊಡ್ಡಮ್ಮ ಎನ್ನಲು ನಾಲಿಗೆ ಹೊರಳುವುದಿಲ್ಲ, ಅಷ್ಟೇ. ಸುಳ್ಳು ಬೇಡ ಎಂದೆಯಲ್ಲ, ಅದಕ್ಕೆ ಬರೆದೆ.

ನಿನ್ನ ಅಕ್ಕ


ಜುಲೈ ೨

ಅಕ್ಕಾ,

ಕಾಗದ ಓದಿ ನಕ್ಕು ನಕ್ಕು ಕೆಮ್ಮು ಬಂತು. ಟೀಚರಮ್ಮನಿಗೂ ಓದಿ ಹೇಳಿದೆ, ಮೀಸೆಯ ಮಾತು ಬಿಟ್ಟು. ಆಮೇಲೆ ಆ ನಗು ಎಲ್ಲಿಗೆ ಹೋಯಿತೋ. ಊಟ ಸೇರಲಿಲ್ಲ. ನಮ್ಮ ಮನೆಯವರಿಗೂ ಚಪ್ಪಲಿ ತರುತ್ತಾಳಾ? ಇವರು ಲಾರಿಯಿಂದ ಇಳಿದು ಮನೆಗೆ ಬರುವುದೇ ವಾರಕ್ಕೊಮ್ಮೆ. ನಿನ್ನದು ಬರೆದೆ, ಅಡುಗೆಯಮ್ಮನದು ಬರೆದೆ, ಅವಳ ಅಪ್ಪನದು ಬರೆಯಲಿಲ್ಲ. ನೀನು ಬರೆಯದೆ ಬಿಟ್ಟದ್ದೇ ನನಗೆ ದೊಡ್ಡದಾಗಿ ಕಾಣುತ್ತದೆ.

ಒಳ್ಳೆಯ ಸುದ್ದಿಯೂ ಇದೆ. ಕಫದ ಪರೀಕ್ಷೆಯಲ್ಲಿ ಈ ಸಲವೂ ಏನೂ ಸಿಗಲಿಲ್ಲ. 'ಇನ್ನು ನಿಮ್ಮಿಂದ ಯಾರಿಗೂ ಏನೂ ಅಂಟಲ್ಲ. ಮಾತ್ರೆ ಮಾತ್ರ ಬಿಡಬೇಡಿ' ಎಂದರು ಡಾಕ್ಟರು. ಆಗಸ್ಟಿನ ಎರಡನೇ ಭಾನುವಾರ ಮನೆಗೆ ಹೋಗಿಬರಲು ಬಿಡುತ್ತಾರಂತೆ, ಬೆಳಿಗ್ಗೆ ಹೋಗಿ ಸಂಜೆ ವಾಪಸು. ಹೊಸ ಚಪ್ಪಲಿ ತೆಗೆದುಕೊಳ್ಳಬೇಕು, ಇಲ್ಲಿಯ ರಬ್ಬರ್ ಚಪ್ಪಲಿಯಲ್ಲಿ ಬರಲಾರೆ. ಏನು ಹಾಕಿಕೊಳ್ಳಲಿ? ಯಾವ ಬಣ್ಣ? ಹಸಿರು ಹಾಕಿಕೊಂಡು ಬಂದರೆ ಹಸಿರು ಮೇಜಿನವಳು ಎಂದು ಸೇರಿಸಿಕೊಳ್ಳುತ್ತಾಳಾ? ನಗಬೇಡ. ನಾನು ನಿಜವಾಗಿ ಕೇಳುತ್ತಿದ್ದೇನೆ.

ನಿನ್ನ ತಂಗಿ


ಜುಲೈ ೧೨

ತಂಗೀ,

ನಿನ್ನ ಯಜಮಾನರಿಗೆ ತರುವುದಿಲ್ಲ. ಬಂದವರೇ ಕೈಕಾಲು ತೊಳೆದು ಅವಳ ತಟ್ಟೆಯ ಮುಂದೆ ಕೂರುತ್ತಾರೆ. ಅವಳು ಕಚ್ಚಿ ಬಿಟ್ಟದ್ದು, ಉಗುಳಿದ್ದು, ಎಲ್ಲ ಅವರ ಬಾಯಿಗೆ. 'ಎಂಜಲಲ್ವಾ?' ಎಂದರೆ 'ನನ್ ಮಗಳ್ದು ತಾನೆ ಅಕ್ಕಾ' ಎನ್ನುತ್ತಾರೆ. ಕೊನೆಗೆ ಅಪ್ಪ ಮಗಳು ಒಂದೇ ಚಮಚ ನೆಕ್ಕುತ್ತಾರೆ. ನಾನು ನೋಡದ ಹಾಗೆ ಇರುತ್ತೇನೆ. ಕೆಳಗೆ ಶಿಶುವಿಹಾರದಲ್ಲಿ ಹಾಗೆಲ್ಲ ಮಾಡಿದರೆ ನನ್ನ ಕಥೆ ಮುಗಿಯಿತು.

ಭಾನುವಾರ ಮಕ್ಕಳಿಲ್ಲದಿದ್ದರೂ ಬೀದಿಗೆ ಕಣ್ಣಿರುತ್ತದೆ, ಹಿಂಬಾಗಿಲಿಂದ ಬಾ. ಬೇಜಾರು ಮಾಡಿಕೊಳ್ಳಬೇಡ. ಹಳದಿ ಮೇಜಿನ ಒಂದು ಮಗುವಿನ ತಾಯಿ ಮೊನ್ನೆ 'ನಿಮ್ ತಂಗಿಗೆ ಆ ಕಾಯ್ಲೆಯಂತೆ, ಹೌದಾ?' ಎಂದು ಕೇಳಿದರು. ಒಬ್ಬರು ಮಗುವನ್ನು ಬಿಡಿಸಿದರೆ ಉಳಿದವರು ಸಾಲುಗಟ್ಟುತ್ತಾರೆ.

ಬಂದ ಕೂಡಲೇ ತಬ್ಬಲು ಹೋಗಬೇಡ. ಗೋಡೆ ನೋಡುತ್ತ ಕೂರು. ತನ್ನನ್ನು ನೋಡದವರ ಹತ್ತಿರ ಅವಳೇ ಬರುತ್ತಾಳೆ. ಬಣ್ಣ ಯಾವುದಾದರೂ ಇರಲಿ.

ನಿನ್ನ ಅಕ್ಕ


ಆಗಸ್ಟ್ ೧೪

ಅಕ್ಕಾ,

ಹೇಳದೆ ಹೊರಟುಬಿಟ್ಟಳು ಎಂದು ಬೈದುಕೊಂಡಿರುತ್ತೀಯ. ಹೇಳುವುದಕ್ಕೆ ಏನಿತ್ತು?

ನೀನು ಹೇಳಿದಂತೆಯೇ ಮಾಡಿದೆ. ಹಿಂಬಾಗಿಲಿಂದ ಬಂದೆ. ಗೋಡೆ ನೋಡಿದೆ. ಕ್ಯಾಲೆಂಡರಿನ ಮೊಳೆಯ ಸುತ್ತ ಬಿರುಕು ಎಷ್ಟು ಉದ್ದ ಇದೆ ಎಂದು ಬೇಕಾದರೆ ಈಗಲೂ ಹೇಳುತ್ತೇನೆ. ಅವಳೇ ಬಂದಳು. ಮೊಣಕಾಲು ಮುಟ್ಟಿದಳು. ಎಷ್ಟು ಎತ್ತರ ಆಗಿದ್ದಾಳೆ ಅಕ್ಕಾ! ಕೈಯಲ್ಲಿ ಅರ್ಧ ನೆನೆದ ಬಿಸ್ಕತ್ತು ಇತ್ತು. ಅದನ್ನು ನನ್ನ ಬಾಯಿಗೆ ಹಿಡಿದಳು. ನಾನು ತುಟಿ ಬಿಗಿದು ಮುಖ ತಿರುಗಿಸಿದೆ. ಇಷ್ಟು ತಿಂಗಳ ಅಭ್ಯಾಸ, ಕತ್ತು ತಾನಾಗಿಯೇ ತಿರುಗಿತು. ಅವಳು ಅಳಲಿಲ್ಲ. ಬಿಸ್ಕತ್ತನ್ನು ತೆಗೆದುಕೊಂಡು ಹೋಗಿ ನಿನ್ನ ಬಾಯಿಗೆ ಇಟ್ಟಳು. ನೀನು ಯಾರ ಜೊತೆಗೋ ಮಾತಾಡುತ್ತಲೇ ಕಚ್ಚಿದೆ.

ಆಮೇಲೆ ಟೀ ಬಂತು. ನಮ್ಮ ಮನೆಯ ಲೋಟಗಳಿಗೆಲ್ಲ ನಾನೇ ನೇಲ್ ಪಾಲಿಶ್‌ನಿಂದ ಗೆರೆ ಎಳೆದಿದ್ದೆ. ನಿನಗೆ ಕೆಂಪು, ನನಗೆ ನೀಲಿ, ಇವರಿಗೆ ಕಪ್ಪು. ನನ್ನ ಕೈಗೆ ಬಂದದ್ದು ಗೆರೆಯಿಲ್ಲದ ಲೋಟ. ನಲ್ಲಿಯವನಿಗೆ, ಮನೆಯೊಡೆಯರಿಗೆ ಕೊಡುವಂಥದ್ದು. ಬಟಾಣಿ ಆ ಲೋಟ ನೋಡಿದಳು, ನನ್ನನ್ನು ನೋಡಿದಳು, ಬಾಗಿಲಿಗೆ ಹೋದಳು. ನನ್ನ ಹೊಸ ಚಪ್ಪಲಿಯನ್ನು ಒಂದೊಂದಾಗಿ ತಂದಿಟ್ಟಳು. 'ಟಾಟಾ.'

ಅಡುಗೆಯಮ್ಮ ನಕ್ಕಳು, ಇವರು ನಕ್ಕರು, ನೀನೂ ನಕ್ಕೆ. ನಾನೂ ನಕ್ಕೆ. ಹಾಕಿಕೊಂಡೆ. ಬಂದುಬಿಟ್ಟೆ.

ನನ್ನ ನೀಲಿ ಗೆರೆಯ ಲೋಟ ಎಲ್ಲಿ?

ತಂಗಿ


ಆಗಸ್ಟ್ ೩೦

ತಂಗೀ,

ಲೋಟ ಅಟ್ಟದ ಮೇಲಿದೆ. ಬಿಸಾಡಿಲ್ಲ. ನೀನು ಆಸ್ಪತ್ರೆ ಸೇರಿದ ದಿನ ಕುದಿಸಿ, ಬಟ್ಟೆ ಸುತ್ತಿ ಇಟ್ಟೆ. ನನ್ನ ಮನೆಯ ಕೆಳಗೆ ಯಾರುಯಾರೋ ಹೆತ್ತ ಮಕ್ಕಳು ನನ್ನನ್ನು ನಂಬಿ ಉಣ್ಣುತ್ತವೆ. ಹೆದರಿದೆ. ಡಾಕ್ಟರು ಚೀಟಿ ಕೊಟ್ಟರೆ ಕಾಯಿಲೆ ಹೋಗುತ್ತದೆ, ಹೆದರಿಕೆ ಹೋಗುವುದಿಲ್ಲ.

ಆದರೆ ಎಲ್ಲವನ್ನೂ ಆ ಲೋಟದ ತಲೆಗೆ ಕಟ್ಟಬೇಡ. ತುಟಿ ಬಿಗಿದವಳು ನೀನು. ಮಗು ಕೈ ಚಾಚಿ ಕರೆಯಿತು, ನೀನು ಬೇಡ ಎಂದೆ. ಚಪ್ಪಲಿ ತಂದಳು ಎಂದು ಹಾಕಿಕೊಂಡು ಹೊರಟವಳೂ ನೀನೇ. ಅವಳಿಗಿನ್ನೂ ಎರಡು ವರ್ಷ ತುಂಬಿಲ್ಲ, ನಿನಗೆ ಎಷ್ಟು ತುಂಬಿದೆ? ನಾಲ್ಕು ಜನ ನಕ್ಕರು ಎಂದು ಸಂಜೆಯ ತನಕ ಇರಬೇಕಾದವಳು ಟೀ ಆರುವ ಮೊದಲೇ ಎದ್ದು ಹೋಗುವುದಾ?

ನೀನು ಹೋದ ಮೇಲೆ ಅವಳು ತುಂಬ ಹೊತ್ತು ಬಾಗಿಲಲ್ಲೇ ನಿಂತಿದ್ದಳು. ಯಾಕೆ ಎಂದು ಕೇಳಬೇಡ. ನನಗೆ ಎಲ್ಲವೂ ತಿಳಿಯುವುದಿಲ್ಲ.

ಅಕ್ಕ


ಸೆಪ್ಟೆಂಬರ್ ೨೧

ಅಕ್ಕಾ,

ಉತ್ತರ ಬರೆಯಬಾರದು ಎಂದುಕೊಂಡಿದ್ದೆ. ಹರಿದು ಹಾಕಿ ಹರಿದು ಹಾಕಿ ಈಗ ಬರೆಯುತ್ತಿದ್ದೇನೆ.

ಭೇಟಿಯ ಹೊತ್ತಿನಲ್ಲಿ ಟೀಚರಮ್ಮನನ್ನು ನೋಡಲು ಇಬ್ಬರು ಹೆಂಗಸರು ಬಂದಿದ್ದರು, ಒಬ್ಬರ ಸೊಂಟದ ಮೇಲೆ ಬಟಾಣಿಯಷ್ಟೇ ದೊಡ್ಡ ಕೂಸು. ಅದನ್ನು ನನ್ನ ಹಾಸಿಗೆಯ ಪಕ್ಕ ಇಳಿಸಿದರು. ಒಬ್ಬಾಕೆ ಹಣ್ಣು ತಂದು ಮೇಜಿನ ಮೇಲೆ ಜೋಡಿಸಿದರು, ಚೆನ್ನಾಗಿ ಮಾತಾಡಿಸಿದರು. ಇನ್ನೊಬ್ಬಾಕೆ ಬಾಯಾರಿತೆಂದು ಟೀಚರಮ್ಮನ ಲೋಟದಿಂದಲೇ ಗಟಗಟ ಕುಡಿದರು, ಮಗಳಿರಬೇಕು, ನರ್ಸಮ್ಮ ಬೈದರೂ ಕೇಳಲಿಲ್ಲ. ಆಮೇಲೆ ಟೀಚರಮ್ಮನಿಗೆ ಜೋರಾಗಿ ಕೆಮ್ಮು ಬಂತು. ಆ ಕೂಸು ತಿರುಗಿ ಯಾರನ್ನು ನೋಡಿತು ಹೇಳು? ಹಣ್ಣಿನವರನ್ನಲ್ಲ. ಲೋಟದವರನ್ನು. ಒಂದೇ ಲೋಟದಲ್ಲಿ ಕುಡಿದವರೇ ಈಗ ಎದ್ದು ಬರಬೇಕು ಎಂದು ಅದಕ್ಕೆ ಗೊತ್ತಿತ್ತು. ನಿನ್ನ ಹಳೆಯ ಕಾಗದ ತೆಗೆದು ಮತ್ತೆ ಓದಿದೆ.

ನಮ್ಮ ಮನೆಯವರು ವಾರದಲ್ಲಿ ಐದಾರು ದಿನ ಮನೆಯಲ್ಲಿರುವುದಿಲ್ಲ, ಆದರೂ ಬಟಾಣಿ ಅವರ ಚಪ್ಪಲಿ ತರುವುದಿಲ್ಲ. ಯಾಕೆಂದು ನೀನೇ ಬರೆದಿದ್ದೆ, ಎಂಜಲು ಎಂದು. ನೀನೂ ಅಷ್ಟೇ. ಬಿಸಿ ಇದೆಯಾ ಎಂದು ನೋಡುವ ನೆಪದಲ್ಲಿ ನಿನ್ನ ಬಾಯಿಗೆ ಹೋದ ಚಮಚವೇ ಅವಳ ಬಾಯಿಗೆ ಹೋಗುತ್ತದೆ, ನಾನು ಕಣ್ಣಾರೆ ನೋಡಿದ್ದೇನೆ. ನಿಯಮ ಮಾಡುವವಳು ನೀನು, ಮುರಿಯುವವಳು ನೀನು, ಪಾಲಿಸುವವಳು ಮಾತ್ರ ನಾನು. ತಟ್ಟೆ ಲೋಟದಿಂದ ಈ ಕಾಯಿಲೆ ಹರಡುವುದೇ ಇಲ್ಲ ಎಂದು ಡಾಕ್ಟರನ್ನು ಕೇಳಿ ಖಚಿತ ಮಾಡಿಕೊಂಡೆ. ಹಾಗಾದರೆ ನಂಬರಿನ ಪಟ್ಟಿ ಯಾಕೆ ಎಂದೆ. 'ಹಳೇ ಪದ್ಧತಿ, ಹಾಗೇ ನಡ್ಕೊಂಡು ಬಂದಿದೆ' ಎಂದರು. ನನಗೆ ಅವರ ಕುತ್ತಿಗೆ ಹಿಸುಕಬೇಕು ಅನ್ನಿಸಿತು.

ತಿಂಗಳ ಕೊನೆಗೆ ಬಿಡುತ್ತಾರೆ. ನಿನ್ನ ಮನೆಗೆ ಬರುವುದಿಲ್ಲ. ಎರಡು ಬೀದಿ ಆಚೆ, ಇಸ್ತ್ರಿ ಅಂಗಡಿಯ ಮೇಲೆ ಇವರು ಒಂದು ಕೋಣೆ ನೋಡಿದ್ದಾರೆ. ಹೊಲಿಗೆ ಮೆಷಿನ್ನು ಅಲ್ಲೇ ಹಾಕಿಕೊಳ್ಳುತ್ತೇನೆ. ಬಟಾಣಿಯನ್ನು ಕರೆದುಕೊಂಡು ಹೋಗುತ್ತೇನೆ. ನಿನ್ನ ಶಿಶುವಿಹಾರಕ್ಕೆ ನನ್ನಿಂದ ಕೆಟ್ಟ ಹೆಸರು ಬರುವುದು ಬೇಡ.

ತಂಗಿ


ಅಕ್ಟೋಬರ್ ೨

ತಂಗೀ,

ಬಟಾಣಿಯ ಜೊತೆ ಅವಳ ಬ್ಯಾಗು ಕಳುಹಿಸಿದ್ದೇನೆ. ಬೆಳಿಗ್ಗೆ ಎದ್ದ ತಕ್ಷಣ ಮಾತಾಡಿಸಬೇಡ, ಸಿಡುಕುತ್ತಾಳೆ, ನಿನ್ನ ಹಾಗೆಯೇ. ಮಲಗುವಾಗ ಯಾರದ್ದಾದರೂ ಕಿವಿ ಹಿಡಿದುಕೊಳ್ಳಬೇಕು. ನಿನ್ನದನ್ನು ಹಿಡಿಯದಿದ್ದರೆ ಒತ್ತಾಯ ಮಾಡಬೇಡ.

ಅಡುಗೆಯಮ್ಮ ಬೆಳಿಗ್ಗೆಯಿಂದ ಮೂಗು ಒರೆಸಿಕೊಳ್ಳುತ್ತಿದ್ದಾಳೆ. ನಾನು ಚೆನ್ನಾಗಿದ್ದೇನೆ. ಇನ್ನೊಬ್ಬರ ಮಕ್ಕಳನ್ನು ಸಂಜೆಗೆ ವಾಪಸು ಕೊಡುವುದೇ ನನ್ನ ಕೆಲಸ.

ಸದ್ಯಕ್ಕೆ ನಾನು ಬರುವುದಿಲ್ಲ. ಬಂದರೆ ಅವಳು ಅಲ್ಲಿ ನಿಲ್ಲುವುದಿಲ್ಲ.

ಬ್ಯಾಗಿನ ತಳದಲ್ಲಿ ಒಂದು ಲೋಟ ಇದೆ.

ಅಕ್ಕ


ಅಕ್ಟೋಬರ್ ೨೦

ಅಕ್ಕಾ,

ಇವರ ಕೈಯಲ್ಲಿ ಕಳುಹಿಸುತ್ತಿದ್ದೇನೆ. ಎರಡು ಬೀದಿ ಆಚೆಗೆ ಕಾಗದವಾ ಎಂದು ನಗುತ್ತಾರೆ. ನಗಲಿ. ಎದುರಿಗೆ ನಿಂತರೆ ನಾವಿಬ್ಬರೂ ಜಗಳವೇ ಆಡುತ್ತೇವೆ.

ಮೊದಲ ದಿನ ಬಟಾಣಿ ಕೋಣೆಯನ್ನೆಲ್ಲ ಸುತ್ತಿದಳು. ಮಂಚದ ಕೆಳಗೆ ಬಗ್ಗಿ ನೋಡಿದಳು, ಮೆಷಿನ್ನಿನ ಪೆಡಲು ಒತ್ತಿದಳು. ಆಮೇಲೆ ಬಾಗಿಲಿಗೆ ಹೋದಳು. ಮತ್ತೆ ನನ್ನ ಚಪ್ಪಲಿಯೇ ಎಂದುಕೊಂಡೆ. ಅವಳು ತಂದದ್ದು ನನ್ನ ಚಪ್ಪಲಿಯಲ್ಲ. ತನ್ನದೇ ಬೂಟು. ಅದನ್ನು ನನ್ನ ಮುಂದಿಟ್ಟು, ಕಾಲು ಚಾಚಿ ಕೂತು, 'ಟಾಟಾ' ಎಂದಳು. ಈ ಮನೆಗೆ ಬಂದವಳು ತಾನು ಎಂದು ಅವಳ ಲೆಕ್ಕ. ಸಾಕಷ್ಟು ಹೊತ್ತು ಕೂತಾಯಿತು, ಇನ್ನು ಹೊರಡುತ್ತೇನೆ ಎಂದು.

ಏನು ಮಾಡಲಿ? ಬೂಟು ತೊಡಿಸಿದೆ, ನಾನೂ ಚಪ್ಪಲಿ ಹಾಕಿಕೊಂಡೆ. ಬೀದಿಯ ಕೊನೆಗೆ ಹೋಗಿ ವಾಪಸು ಬಂದೆವು. ಮತ್ತೆ ಬೂಟು, ಮತ್ತೆ ಬೀದಿ. ದಿನವಿಡೀ ಇದೇ. 'ಏನ್ ಮೇಡಂ, ರಸ್ತೆ ಅಳೀತಿದೀರಾ?' ಎಂದು ಇಸ್ತ್ರಿಯವನು ಕೇಳುತ್ತಾನೆ. ಬಟ್ಟೆ ಹೊಲಿಯಲು ಕೂತರೆ ದಾರ ಪೋಣಿಸುವಷ್ಟರಲ್ಲಿ ಬೂಟು ಬರುತ್ತದೆ. ನಿನ್ನ ಮನೆಯ ತಿರುವಿನಲ್ಲಿ ನಿಂತು ಆ ಕಡೆಗೆ ಕೈ ತೋರಿಸಿ 'ಮ್ಮ' ಎಂದಳು. ಎತ್ತಿಕೊಂಡು ತಿರುಗಿ ಬಂದುಬಿಟ್ಟೆ. ಕೆಟ್ಟವಳು ಎನ್ನು, ಪರವಾಗಿಲ್ಲ.

ಮೊನ್ನೆ ಬಿಸ್ಕತ್ತು ತಿನ್ನುತ್ತಿದ್ದವಳು ನನ್ನ ಕಡೆ ನೋಡಿದಳು. ನೋಡಿದಳು ಅಷ್ಟೇ, ಕೊಡಲಿಲ್ಲ. ಆಗಸ್ಟಿನದ್ದು ಮರೆತಿಲ್ಲ ಎಂದುಕೊಂಡೆ. ನಾನೇ ಬಗ್ಗಿ, ಅವಳ ಕೈಯಲ್ಲಿದ್ದ ಹಾಗೆಯೇ ಆ ಒದ್ದೆ ತುದಿ ಕಚ್ಚಿದೆ. ಡಾಕ್ಟರು ಸಾವಿರ ಹೇಳಲಿ, ನೀನು ಬರೆದದ್ದು ನಿಜ, ಹೆದರಿಕೆ ಹೋಗುವುದಿಲ್ಲ. ನಾನು ನುಂಗುವವರೆಗೂ ಅವಳು ನನ್ನ ಬಾಯಿಯನ್ನೇ ನೋಡಿದಳು. ಆಮೇಲೆ ನನ್ನ ನೀಲಿ ಗೆರೆಯ ಲೋಟವನ್ನು ಎರಡು ಕೈಯಲ್ಲೂ ಹಿಡಿದು, ನಾನು ಕುಡಿದು ಬಿಟ್ಟ ನೀರನ್ನು ಕುಡಿದಳು.

ಬೂಟು ತರುವುದು ನಿಂತಿಲ್ಲ. ಆದರೆ ಈಗ 'ಟಾಟಾ' ಎನ್ನುವುದಿಲ್ಲ. ನನ್ನ ಚಪ್ಪಲಿಯನ್ನೂ ಜೊತೆಗೆ ತರುತ್ತಾಳೆ.

ಕಿವಿ ಇನ್ನೂ ಹಿಡಿದಿಲ್ಲ. ಒಂದು ದಿನ ಬಾ.

ನಿನ್ನ ತಂಗಿ


ನವೆಂಬರ್ ೨೩

ತಂಗೀ,

ಬಾ ಎಂದೆ, ಬಂದೆ. ಬಟಾಣಿ ನನ್ನನ್ನು ನೋಡಿ ನಿನ್ನ ಕಾಲ ಹಿಂದೆ ಅಡಗಿದಳು. ಆಟ ಎಂದುಕೊಂಡೆ. ಆಮೇಲೆ ಬಂದು ಮಡಿಲಲ್ಲಿ ಕೂತಳು, ಅದೂ ಸ್ವಲ್ಪ ಹೊತ್ತು. ನೀನು ನನಗೆ ಗೆರೆಯಿಲ್ಲದ ಲೋಟದಲ್ಲಿ ಟೀ ಕೊಟ್ಟೆ. ನೀನು ಬೇಕೆಂದು ಕೊಡಲಿಲ್ಲ, ಗೊತ್ತು. ಗೊತ್ತಿದ್ದರೂ ಪೂರ್ತಿ ಕುಡಿಯದೆ ಇಟ್ಟೆ.

ನೀನು ಹಾಲು ಇಳಿಸಲು ಹೋದಾಗ ಅವಳು ಚಪ್ಪಲಿ ತಂದಳು. ನನ್ನವು. ನನ್ನ ಮನೆಯಲ್ಲಿ ಒಮ್ಮೆಯೂ ಮುಟ್ಟದ ನನ್ನ ಚಪ್ಪಲಿ. ಕಾಲ ಬುಡದಲ್ಲಿಟ್ಟು ಮುಖ ನೋಡಿದಳು. ನಾನು ಹಾಕಿಕೊಂಡು ಇಳಿದುಬಿಟ್ಟೆ.

ದಿನಾ ಸಂಜೆ ತಾಯಂದಿರು ಬಂದಾಗ ಮಕ್ಕಳು ನನ್ನ ಮಡಿಲಿಂದ ಜಾರಿ ಓಡುತ್ತವೆ. ಹಾಗೆಯೇ ಆಗಬೇಕು, ಆಗದಿದ್ದರೆ ನನಗೆ ಚಿಂತೆಯಾಗುತ್ತದೆ. ಇವಳ ವಿಷಯದಲ್ಲಿ ಆ ಬುದ್ಧಿ ಎಲ್ಲಿ ಹೋಗಿತ್ತೋ. ನನಗೆ ಹೊಟ್ಟೆ ಉರಿಯುತ್ತಿದೆ, ಅಷ್ಟೇ. ಮಗು ನಿನ್ನದು. ಅದಕ್ಕೆ ಅದು ಗೊತ್ತಾಗಿದೆ. ಇನ್ನು ಕಾಗದ ಬೇಡ, ನನಗೆ ಓದಲಾಗುವುದಿಲ್ಲ.

ಅಕ್ಕ


ನವೆಂಬರ್ ೨೪

ಅಕ್ಕಾ,

ಬೇಡ ಎಂದರೂ ಓದು. ಇವರನ್ನು ಬಾಗಿಲಲ್ಲೇ ನಿಂತಿರಲು ಹೇಳಿದ್ದೇನೆ, ನೀನು ಓದಿ ಮುಗಿಸುವವರೆಗೆ.

ಚಪ್ಪಲಿ ತಂದಳು ಎಂದು ಹಾಕಿಕೊಂಡು ಹೊರಟವಳು ನೀನೇ ಎಂದು ನನ್ನನ್ನು ಬೈದಿದ್ದೆಯಲ್ಲ? ಈಗ ನೀನು ಮಾಡಿದ್ದೇನು? ನಾವಿಬ್ಬರೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ನೀನು ಮೆಟ್ಟಿಲು ಇಳಿದ ಮೇಲೆ ಏನಾಯಿತು ಕೇಳು. ನಾನು ಹಾಲು ಇಳಿಸಿ ಬಂದಾಗ ನಿನ್ನ ಕುರ್ಚಿ ಖಾಲಿ. ಬಟಾಣಿ ಬಾಗಿಲ ಹತ್ತಿರದಿಂದ ತನ್ನ ಬೂಟು ತರುತ್ತಿದ್ದಳು. ಕುರ್ಚಿಯ ಮುಂದೆ ಇಟ್ಟಳು. ಮತ್ತೆ ಹೋದಳು. ನನ್ನ ಚಪ್ಪಲಿ ತಂದಳು, ಅದು ಅವಳಿಗೆ ಭಾರ, ದಾರಿಯಲ್ಲಿ ಒಮ್ಮೆ ಬೀಳಿಸಿ ಎತ್ತಿಕೊಂಡಳು. ಬೂಟಿನ ಪಕ್ಕ ಇಟ್ಟಳು. ಆಮೇಲೆ ತಲೆ ಎತ್ತಿ ಕುರ್ಚಿ ನೋಡಿದಳು, ಬಾಗಿಲು ನೋಡಿದಳು. 'ಮ್ಮ?' ಎಂದಳು. ನನ್ನನ್ನು ನೋಡಿ ಅಲ್ಲ.

ನಿನ್ನನ್ನು ಕಳಿಸಲು ತಂದದ್ದಲ್ಲ ಅಕ್ಕಾ ಅದು. ಚಪ್ಪಲಿ ತಂದರೆ ಜೊತೆಯಾಗಿ ಬೀದಿ ಸುತ್ತುವುದು ಎಂದು ಈ ಮನೆಯಲ್ಲಿ ನಾನೇ ಕಲಿಸಿಬಿಟ್ಟಿದ್ದೇನೆ. ಮೊದಲು ನಿನ್ನವು, ಆಮೇಲೆ ತನ್ನವು, ಆಮೇಲೆ ನನ್ನವು. ಮೂವರೂ ಹೋಗಬೇಕಿತ್ತು. ಅವಳನ್ನು ಎತ್ತಿಕೊಂಡು ಬರಿಗಾಲಲ್ಲೇ ತಿರುವಿನವರೆಗೆ ಓಡಿದೆ, ನೀನು ಕಾಣಲಿಲ್ಲ. ವಾಪಸು ಬಂದ ಮೇಲೆ ನೀನು ಕುಡಿದು ಬಿಟ್ಟ ಲೋಟವನ್ನು ತೊಳೆಯಲು ಅವಳು ಬಿಡಲಿಲ್ಲ. ತಳದಲ್ಲಿದ್ದ ತಣ್ಣನೆಯ ಟೀ ಅವಳ ಹೊಟ್ಟೆಗೆ ಹೋಯಿತು. ಮಗುವಿಗೆ ಟೀ ಕುಡಿಸಿದೆಯಾ ಎಂದು ಬೈಯುವುದಿದ್ದರೆ ಇಲ್ಲಿಗೆ ಬಂದು ಬೈ.

ಆಗಸ್ಟಿನಲ್ಲಿ ನಾನೂ ಇನ್ನೊಂದು ಘಳಿಗೆ ಕೂತಿದ್ದರೆ ಆಮೇಲೆ ಏನು ತರುತ್ತಿದ್ದಳೋ ಎಂದು ನಿನ್ನೆಯಿಂದ ತಲೆ ತಿನ್ನುತ್ತಿದೆ. ಅದಿನ್ನು ಗೊತ್ತಾಗುವುದಿಲ್ಲ.

ಆ ಲೋಟಕ್ಕೆ ಕೆಂಪು ಗೆರೆ ಎಳೆದಿದ್ದೇನೆ, ಒಣಗಿದೆ. ಭಾನುವಾರ ಬಾ. ಅವಳು ಚಪ್ಪಲಿ ತಂದರೆ ಹಾಕಿಕೋ, ಆದರೆ ಏಳಬೇಡ. ಉಳಿದವನ್ನು ತರುವವರೆಗೆ ಕೂತಿರು.

ನಿನ್ನ ತಂಗಿ